ಒಳ್ಳೆಯ ಹೋತ ಮಾರಾಟಕ್ಕೆ, ಉಳಿದದ್ದು ಬೀಜಕ್ಕೆ?

ಬಕ್ರೀದ್ ಹತ್ತಿರ ಬಂತೆಂದರೆ ಕಾರವಾರ, ಅಂಕೋಲಾ ಕಡೆಯ ಆಡು ಸಾಕುವ ಮನೆಗಳಲ್ಲಿ ಒಂದೇ ಲೆಕ್ಕ ನಡೆಯುತ್ತದೆ. ಹಟ್ಟಿಯಲ್ಲಿ ಎತ್ತರ, ತೂಕ ಎರಡರಲ್ಲೂ ಮುಂದಿರುವ ಹೋತ ಮೊದಲು ಮಾರಾಟವಾಗುತ್ತದೆ. ಗಿರಾಕಿಗೆ ಬೇಕಾದದ್ದೂ ಅದೇ, ಒಳ್ಳೆಯ ರೇಟು ಸಿಗುವುದೂ ಅದಕ್ಕೇ. ಎರಡನೆಯದು ಯಾರದೋ ಮದುವೆ ಮನೆಗೆ ಹೋಗುತ್ತದೆ. ಕೊನೆಗೆ ಯಾರೂ ಕೇಳದ ಸಣಕಲು ಹೋತವೊಂದು ಉಳಿಯುತ್ತದೆ. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ತಂದೆ!

ಹೀಗೆ ಐದಾರು ವರ್ಷ ಕಳೆದ ಮೇಲೆ "ಮೊದಲಿನ ಹಾಗೆ ಆಡು ಬೆಳೆಯುವುದಿಲ್ಲ, ಮೇವಿನಲ್ಲಿ ಸತ್ವ ಇಲ್ಲ" ಎಂಬ ಮಾತು ಕೇಳಿಸುತ್ತದೆ. ಮೇವಿನದ್ದೂ ಸ್ವಲ್ಪ ಇರಬಹುದು. ಆದರೆ ಗಟ್ಟಿ ಕಾಳನ್ನೆಲ್ಲ ಮಾರಿ ಜೊಳ್ಳನ್ನು ಬಿತ್ತನೆಗೆ ಇಟ್ಟುಕೊಳ್ಳುವ ರೈತ ಎಲ್ಲಾದರೂ ಇದ್ದಾನೆಯೇ? ಭತ್ತಕ್ಕೆ ಹೊಂದುವ ಬುದ್ಧಿ ಆಡಿಗೂ ಹೊಂದಬೇಕಲ್ಲ.

ಮಾಂಸಕ್ಕಾಗಿ ಪ್ರಾಣಿ ಸಾಕುವ ದೇಶಗಳು ಈ ಪಾಠವನ್ನು ಎಂದೋ ಕಲಿತಿವೆ. ಬ್ರೆಜಿಲಿನ ಮಾಂಸದ ದನಗಳಲ್ಲಿ ದೊಡ್ಡ ಪಾಲು ನೆಲ್ಲೋರಿ ತಳಿಯದು. ಅದರ ಮೂಲ ನಮ್ಮ ಪಕ್ಕದ ಆಂಧ್ರದ ಒಂಗೋಲು ದನ. ಅಲ್ಲಿಯವರು ಹೋರಿಯ ಅಂದ ನೋಡಿ ಸುಮ್ಮನಾಗಲಿಲ್ಲ. ಅದರ ಕರುಗಳನ್ನು ತೂಗಿ, ಬರೆದಿಟ್ಟು, ಯಾವ ಹೋರಿಯ ಸಂತತಿ ಬೇಗ ಬೆಳೆಯುತ್ತದೆ ಎಂದು ನೋಡಿ ಆರಿಸಿದರು. ನಮ್ಮ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ದನ, ಹೋರಿಗಳ ಹತ್ಯೆಗೆ ನಿಷೇಧವಿದೆ, ಎಮ್ಮೆ, ಕೋಣಕ್ಕೂ 13 ವರ್ಷ ದಾಟಿರಬೇಕು. ಹಾಗಾಗಿ ದನದ ಮಾಂಸತಳಿಯ ವಿಷಯ ನಮಗೆ ಓದಿ ತಿಳಿಯುವುದಕ್ಕೆ ಮಾತ್ರ. ಅದರ ಪಾಠವನ್ನು ನಾವು ಆಡಿನ ಹಟ್ಟಿಯಲ್ಲಿ ಬಳಸಬಹುದು.

"ಅಷ್ಟೆಲ್ಲ ಯಾಕೆ, ಹೊರಗಿನ ದೊಡ್ಡ ತಳಿ ತಂದರಾಯಿತು" ಎನ್ನುವವರಿದ್ದಾರೆ. ರಾಜಸ್ಥಾನದ ಸಿರೋಹಿ, ಪಂಜಾಬಿನ ಬೀಟಲ್ ನೋಡಲು ಭರ್ಜರಿ. ಆದರೆ ಅವು ಒಣ ನಾಡಿನವು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ನಮ್ಮ ಕರಾವಳಿಯಲ್ಲಿ ಒದ್ದೆ ನೆಲಕ್ಕೆ ಗೊರಸು ಕೊಳೆಯುತ್ತದೆ, ಹೊಟ್ಟೆಗೆ ಹುಳ ಸೇರುತ್ತದೆ. ಹೊಸ ರಕ್ತ ಬೇಕೆಂದರೆ ಮಳೆ ಕಂಡ ತಳಿಗಳನ್ನು ನೋಡಬೇಕು. ಗೋವಾ ದಾಟಿದರೆ ಸಿಗುವ ಸಿಂಧುದುರ್ಗದ ಕೊಂಕಣ ಕನ್ಯಾಳ ಆಡು ನಮ್ಮಂಥದ್ದೇ ಹವೆಯಲ್ಲಿ ಬೆಳೆದದ್ದು. ತೆಂಕಣ ಮಲಬಾರಿ ಆಡು ಅವಳಿ ಮರಿಗೆ ಹೆಸರುವಾಸಿ. ಅದು ಅರಬ್ ವ್ಯಾಪಾರಿಗಳ ಆಡು ಊರಿನ ಆಡಿನೊಂದಿಗೆ ಬೆರೆತು ಆದದ್ದು ಎನ್ನುತ್ತಾರೆ. ಆದರೆ ಯಾವ ತಳಿ ತಂದರೂ ಅದರಲ್ಲಿ ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ಉಳಿಸಿಕೊಂಡರೆ ಮತ್ತೆ ಅದೇ ಕಥೆ.

ಹಾಗಾದರೆ ಬೀಜದ ಹೋತವನ್ನು ಹೇಗೆ ಆರಿಸುವುದು? ಉದ್ದ ಕಿವಿ, ಹಣೆಯ ಮೇಲಿನ ಬಿಳಿ ಮಚ್ಚೆ ರೇಟು ತರಬಹುದು, ಮಾಂಸ ತರುವುದಿಲ್ಲ. ಒಂದು ನೋಟ್‌ಬುಕ್, ಒಂದು ಸ್ಪ್ರಿಂಗ್ ತಕ್ಕಡಿ ಇದ್ದರೆ ಸಾಕು. ಮರಿ ಹುಟ್ಟಿದ ತಾರೀಕು, ತಾಯಿ ಯಾವುದು, ಒಂಟಿಯೋ ಅವಳಿಯೋ, ಮೂರು ತಿಂಗಳಿಗೆ ಮತ್ತು ಆರು ತಿಂಗಳಿಗೆ ಎಷ್ಟು ತೂಕ, ಇಷ್ಟು ಬರೆಯಬೇಕು. ಮೂರು ತಿಂಗಳ ತೂಕ ತಾಯಿಯ ಹಾಲನ್ನೂ ಹೇಳುತ್ತದೆ, ಆಮೇಲಿನ ತೂಕ ಮರಿಯ ಸ್ವಂತ ಬೆಳವಣಿಗೆಯನ್ನು ಹೇಳುತ್ತದೆ. ಒಂಟಿ ಮರಿಗೆ ಇಡೀ ಕೆಚ್ಚಲು ಸಿಕ್ಕಿರುತ್ತದೆ. ಆದ್ದರಿಂದ ಅದಕ್ಕಿಂತ ತುಸು ಕಡಿಮೆ ತೂಗುವ ಅವಳಿ ಮರಿಯೇ ನಿಜವಾಗಿ ಮೇಲಾಗಿರಬಹುದು. ಬೆಳವಣಿಗೆಯ ಗುಣ ತಂದೆಯಿಂದ ಮರಿಗೆ ಚೆನ್ನಾಗಿ ಇಳಿಯುತ್ತದೆ. ಅವಳಿ ಹಾಕುವ ಗುಣ ಇಳಿಯುವುದು ಕಡಿಮೆ, ಅಲ್ಲಿ ಮೇವಿನ ಪಾಲು ದೊಡ್ಡದು. ಆದರೂ ಪ್ರತಿ ಸಲ ಅವಳಿ ಹಾಕುವ ತಾಯಿಯ ಮಗನನ್ನೇ ಇಟ್ಟುಕೊಳ್ಳುವುದು ಜಾಣತನ. ಕಾಲು ನೆಟ್ಟಗಿದೆಯೇ, ಎರಡೂ ಬೀಜ ಸಮನಾಗಿವೆಯೇ ನೋಡಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಆರಿಸಿ. ಔಷಧಿ ಕಡಿಮೆ ಬೇಡಿದ ಹೋತ ಯಾವುದೆಂದು ಆಗ ತನ್ನಿಂದ ತಾನೇ ಗೊತ್ತಾಗುತ್ತದೆ.

"ಒಳ್ಳೆಯದನ್ನು ಬೀಜಕ್ಕೆ ಇಟ್ಟರೆ ಉಳ್‌ಹಿಯ್ಯತ್‌ಗೆ ಏನು ಕೊಡುವುದು? ದುಡ್ಡು ಎಲ್ಲಿಂದ?" ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಫಿಕ್‌ಹ್‌ನಲ್ಲೇ ಇದೆ. ಶಾಫಿಈ ಮದ್‌ಹಬ್‌ನಲ್ಲಿ ಉಳ್‌ಹಿಯ್ಯತ್‌ನ ಆಡಿಗೆ ಎರಡು ವರ್ಷ ತುಂಬಿರಬೇಕು. ಹನಫೀಗಳಿಗೆ ಒಂದು ವರ್ಷ ಸಾಕು, ಅವರಿಗೆ ಎರಡನೆಯ ಹೋತ ಕೊಡಿ. ಮೊದಲನೆಯದನ್ನು ಒಂದು ವರ್ಷದಿಂದ ಎರಡು ವರ್ಷದ ತನಕ ಬೀಜಕ್ಕೆ ಬಳಸಿ. ಆಡು ಗಬ್ಬ ಇರುವುದು ಐದು ತಿಂಗಳು. ಆ ಹೋತಕ್ಕೆ ಎರಡು ತುಂಬುವಾಗ ಅದರ ದೊಡ್ಡ ಮಗಳಿಗೂ ಏಳೇ ತಿಂಗಳು, ಹೋತಕ್ಕೆ ಕೊಡುವ ವಯಸ್ಸು ಇನ್ನೂ ಆಗಿರುವುದಿಲ್ಲ. ತಂದೆ-ಮಗಳು ಕೂಡುವ ಮೊದಲೇ ಹೋತ ಹಟ್ಟಿ ಬಿಡುತ್ತದೆ. ರಕ್ತ ಹತ್ತಿರವಾಗಿ ಮರಿಗಳು ಬಡವಾಗುವ ತೊಂದರೆಯೂ ತಪ್ಪಿತು, ತೂಕದ ಪ್ರಾಣಿಯೂ ಸಿಕ್ಕಿತು.

ಇನ್ನೊಂದು ಮಾತು. ಮೂರು ನಾಲ್ಕು ಆಡು ಇರುವ ಮನೆಗೆ ಒಳ್ಳೆಯ ಹೋತ ಸಾಕುವುದು ಭಾರ. ಒಂದು ಹೋತ 20-25 ಆಡಿಗೆ ಸಾಕಾಗುತ್ತದೆ. ಐದಾರು ಮನೆಯವರು ಸೇರಿ, ಅಥವಾ ಜಮಾಅತ್ ವತಿಯಿಂದ, ಒಂದನ್ನು ಇಡಬಹುದು. ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲೇ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಆರಿಸಿದ ಟಗರುಗಳನ್ನು ಊರವರಿಗೆ ಬಾಡಿಗೆಗೆ ಬಿಟ್ಟು ಹೆಸರು ಮಾಡಿದ. ನಮಗೆ ಬಾಡಿಗೆಯ ದಾರಿ ಇಲ್ಲ. ಗಂಡು ಪ್ರಾಣಿಯನ್ನು ಹಾರಿಸಿದ್ದಕ್ಕೆ ಪ್ರತಿಫಲ ಪಡೆಯುವುದನ್ನು ಪ್ರವಾದಿ (ಸ) ವಿರೋಧಿಸಿದ್ದು ಸಹೀಹ್ ಬುಖಾರಿಯಲ್ಲಿ ಬಂದಿದೆ. ಉಚಿತವಾಗಿ ಕೊಡುವುದೇ ನಮಗಿರುವ ದಾರಿ, ಅದು ಪುಣ್ಯದ ಕೆಲಸವೂ ಹೌದು. ಆಡಿನವರು ಸಂತೋಷದಿಂದ ಹಿಂಡಿ, ಹಲಸಿನ ಸೊಪ್ಪು ಕೊಟ್ಟರೆ ಅಡ್ಡಿಯಿಲ್ಲ.

ಇದಕ್ಕೆ ಸರಕಾರದ ಯೋಜನೆ ಕಾಯಬೇಕಿಲ್ಲ. ಒಂದು ಜುಮಾ ಮುಗಿದ ಮೇಲೆ ಆಡು ಸಾಕುವ ನಾಲ್ಕು ಮಂದಿ ಹತ್ತು ನಿಮಿಷ ಕುಳಿತರೆ ಆಯಿತು. ಯಾರ ಹಟ್ಟಿಯ ಯಾವ ಹೋತವನ್ನು ಈ ವರ್ಷ ಮಾರಬಾರದು ಎಂಬುದೊಂದು ತೀರ್ಮಾನವಾದರೆ ಮಿಕ್ಕ ಕೆಲಸವನ್ನು ಆ ಹೋತವೇ ಮಾಡುತ್ತದೆ.