100 ಎಂಬಿಪಿಎಸ್ ಪ್ಲಾನ್‌ನಲ್ಲಿ ಬರೀ 12 ಬಂದರೆ ಮೋಸವೇ?

'ಬೆಂಗಳೂರು' ಎಂಬ ಹೆಸರು ಸಿಗುವ ಸುಮಾರು ಕ್ರಿ.ಶ. 890ರ ಶಾಸನ ಇರುವುದು ಬೇಗೂರಿನಲ್ಲಿ. ಈಗ ಅಲ್ಲಿನ ಬೀದಿ ಕಂಬಗಳಲ್ಲಿ ಇಂಟರ್ನೆಟ್ ಕೇಬಲ್‌ಗಳು ಜೋತಾಡುತ್ತಿವೆ. ಅಗ್ಗದ ಪ್ಲಾನ್ ಹಾಕಿಸಿಕೊಂಡವರಿಂದ ನಾವು ಪದೇ ಪದೇ ಕೇಳುವ ದೂರು: "100 ಎಂಬಿಪಿಎಸ್ ಅಂದ್ರು, ಡೌನ್‌ಲೋಡ್ 12 ದಾಟಲ್ಲ."

ಇದು ಮೋಸವಲ್ಲ. ಕಂಪನಿಯದು ಮೆಗಾಬಿಟ್ ಲೆಕ್ಕ, ಡೌನ್‌ಲೋಡ್ ಆಗುವಾಗ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂದರೆ 12.5.

ನಿಜವಾದ ತಕರಾರು ರಾತ್ರಿ ಹೊತ್ತಿನದು. ಫೈಬರ್ ನಮ್ಮೊಬ್ಬರಿಗೇ ಎಳೆದದ್ದಲ್ಲ. ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2,500 ಎಂಬಿಪಿಎಸ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದುಂಟು. 32 ಮನೆಯವರೂ ಒಟ್ಟಿಗೆ ಪೂರ್ತಿ ಬಳಸಿದರೆ ತಲಾ 78ರಷ್ಟೇ! ಹಾಗಾಗುವುದು ಅಪರೂಪ, ಅದನ್ನೇ ನಂಬಿ ದರ ಇಳಿಸುತ್ತಾರೆ. ಹೊರಗಿನ ಜಾಲಕ್ಕೆ ಕಂಪನಿ ಕೊಂಡ ಸಾಮರ್ಥ್ಯವೂ ಕಡಿಮೆಯಿದ್ದರೆ ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ಬರುತ್ತದೆ, ವಿಡಿಯೊ ಕರೆ ಮಾತ್ರ ತಡವರಿಸುತ್ತದೆ. ಏಕೆಂದರೆ ಟೆಸ್ಟ್‌ನ ಸರ್ವರ್ ಊರಲ್ಲೇ, ಕೆಲವೊಮ್ಮೆ ಆ ಕಂಪನಿಯ ಜಾಲದೊಳಗೇ ಇರುತ್ತದೆ.

ಪಕ್ಕದ ಮನೆಯ ಸಂಪರ್ಕದೊಂದಿಗೆ ಹೋಲಿಸುವುದಾದರೆ ಲ್ಯಾನ್ ಕೇಬಲ್ ಸಿಕ್ಕಿಸಿ, ದೂರದ ಊರಿನ ಸರ್ವರ್ ಆರಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಅಳೆಯಿರಿ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಅಳೆದರೆ ಅಳತೆಗೆ ಸಿಗುವುದು ಗೋಡೆಗಳು ಮತ್ತು ಅಕ್ಕಪಕ್ಕದ ರೂಟರ್‌ಗಳ ಗಲಾಟೆ.

ಅಂದಹಾಗೆ, 'ಬ್ರಾಡ್‌ಬ್ಯಾಂಡ್' ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2023ರವರೆಗೆ 512 ಕೆಬಿಪಿಎಸ್ ಇತ್ತು, ಈಗ 2 ಎಂಬಿಪಿಎಸ್. ರಾತ್ರಿಯ ಅಳತೆ ಸತತವಾಗಿ ಕುಸಿದರೆ ಅದನ್ನು ಬರೆದಿಟ್ಟು ದೂರು ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್ ನಿಯಮದಲ್ಲಿ ಅವಕಾಶವಿದೆ.