ಖೋಲಿಯವರೂ ಊರಿನವರೇ

ಹಳ್ಳಿಯ ಮನೆಗೆ ಕೀಲಿ ಹಾಕಿ ಗೋಕಾಕಕ್ಕೋ ಮೂಡಲಗಿಗೋ ಹುಕ್ಕೇರಿಗೋ ಬಂದು ಖೋಲಿ ಹಿಡಿದ ಕುಟುಂಬಕ್ಕೆ ಮೊದಲ ವಾರದಲ್ಲಿಯೇ ಒಂದು ಮಾತು ಮನದಟ್ಟಾಗುವದು: ಪೇಟೆಯಲ್ಲಿ ಪುಕ್ಕಟೆ ಎಂಬುದಿಲ್ಲ. ಹಿತ್ತಲಲ್ಲಿ ಹರಿದು ತರುತ್ತಿದ್ದ ಕೊತ್ತಂಬರಿಗೆ ರೊಕ್ಕ, ನೆರೆಯವರು ತಂಬಿಗೆ ತುಂಬ ಕೊಡುತ್ತಿದ್ದ ಮಜ್ಜಿಗೆಗೆ ರೊಕ್ಕ, ಕುಳ್ಳು-ಕಟ್ಟಿಗೆಯ ಒಲೆ ಹೋಗಿ ಗ್ಯಾಸಿಗೆ ರೊಕ್ಕ. ಹೊಲದ ಜೋಳ ಚೀಲದಲ್ಲಿ ಬಂದರೂ ಇಡಲು ಮೂಲೆಯಿಲ್ಲ. ರಾತ್ರಿ ಪಾಳಿ ಮುಗಿಸಿದವನು ಹಗಲು ಮಲಗಬೇಕೆಂದರೆ ಅದೇ ಖೋಲಿಯಲ್ಲಿ ಒಗ್ಗರಣೆ, ಅದೇ ಖೋಲಿಯಲ್ಲಿ ಹುಡುಗರ ಓದು. ನಳಕ್ಕೆ ನೀರು ಬರುವ ಹೊತ್ತಿಗೆ ಕೊಡ ಹಿಡಿದು ನಿಲ್ಲಲೇಬೇಕು. ನೀರು ತಡವಾದರೆ ಕೆಲಸ ತಪ್ಪಿತು, ಕೆಲಸ ತಪ್ಪಿದರೆ ಪಗಾರ ಕಡಿತ.

ಇದನ್ನು ಕಂಡು ಕೆಲವು ಸುಶಿಕ್ಷಿತರು, "ಹಳ್ಳಿಯವರಿಗೆ ಪೇಟೆಯಲ್ಲಿ ಇರಲು ಬರುವದಿಲ್ಲ" ಎಂದು ತೀರ್ಪು ಕೊಡುತ್ತಾರೆ. ಇದು ಉಂಡವರ ಮಾತು. ಹತ್ತು ಅಡಿ ಖೋಲಿಯಲ್ಲಿ ಐದು ಜನ ಜಗಳವಿಲ್ಲದೆ ಬಾಳುವವರಿಗೆ ಇರಲು ಬರುವದಿಲ್ಲವೆಂದರೆ ಇನ್ನು ಯಾರಿಗೆ ಬಂದೀತು? ಅವರಿಗೆ ಇರಲು ಚೆನ್ನಾಗಿಯೇ ಬರುತ್ತದೆ. ಪೇಟೆಯ ದಫ್ತರದಲ್ಲಿ ಮಾತ್ರ ಅವರ ಹೆಸರಿಲ್ಲ.

1885ರಲ್ಲಿ ಸ್ಥಾಪನೆಯಾದ ಫಾಲ್ಸಿನ ಗಿರಣಿಗೆ ಕೈಗಳು ಬೇಕಾಗಿದ್ದವು. ಆದ್ದರಿಂದ ಕಂಪನಿಯವರು ಕೆಲಸಗಾರರಿಗೆ ವಸತಿಯನ್ನೂ ಕಟ್ಟಿದರು. ಅದು ಧರ್ಮವೇನಲ್ಲ, ಲೆಕ್ಕಾಚಾರ. ಆದಾಗ್ಯೂ ಕೆಲಸ ಕೊಟ್ಟವನು ತಲೆಯ ಮೇಲಿನ ಸೂರನ್ನೂ ನೆನೆಯಬೇಕೆಂಬ ಪದ್ಧತಿಯೊಂದಿತ್ತು. ಇಂದು ಅಂಗಡಿ, ಗೋದಾಮು, ಕಟ್ಟಡ, ಗ್ಯಾರೇಜುಗಳಲ್ಲಿ ದುಡಿಯುವವನ ಸೂರು ಯಾರ ಲೆಕ್ಕದಲ್ಲಿಯೂ ಇಲ್ಲ.

ವಿದ್ಯುತ್ತಿನ ಮಾತನ್ನೇ ನೋಡಿರಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲು ಮನ್ನಾ ಮಾಡಿತು. ಬಾಡಿಗೆದಾರರಿಗೂ ಅನ್ವಯ ಎಂದಿತು. ಒಳ್ಳೆಯದೇ. ಆದರೆ ಮೂರು ಖೋಲಿಗೆ ಒಂದೇ ಮೀಟರು ಇದ್ದಲ್ಲಿ ಮೂರೂ ಕುಟುಂಬಗಳ ಬಳಕೆ ಸೇರಿ 200 ದಾಟುವದು, ಪೂರ್ತಿ ಬಿಲ್ಲು ಬರುವದು. ಅತಿ ಕಡಿಮೆ ಕರೆಂಟು ಸುಡುವವರೇ ರೊಕ್ಕ ತೆರುವರು. ಬೇರೆ ಮೀಟರು ಬೇಕೆಂದರೆ ಮಾಲಕನ ಸಹಿ, ಬಾಡಿಗೆ ಕರಾರು ಬೇಕು. ಕರಾರು ಕೇಳಿದರೆ ಖೋಲಿ ಖಾಲಿ ಮಾಡು ಎಂಬ ಅಂಜಿಕೆ. 1969ರಿಂದ ಹುಕ್ಕೇರಿಯಲ್ಲಿ ವಿದ್ಯುತ್ತು ಹಂಚಲು ಸದಸ್ಯರದೇ ಸಹಕಾರಿ ಸಂಘವಿದೆ. ಸಹಕಾರ ತತ್ವದ ಸಂಘವೇ ಈ ಖೋಲಿಯವರ ಪ್ರಶ್ನೆಯನ್ನು ಮೊದಲು ಎತ್ತಿಕೊಂಡರೆ ಅದಕ್ಕೆ ಶೋಭೆ.

ರೇಶನ್ನಿಗಾಗಿ ತಿಂಗಳಿಗೊಮ್ಮೆ ಹಳ್ಳಿಗೆ ಓಡುವವರಿಗೆ ಒಂದು ಮಾತು. ಕಾರ್ಡು ಯಾವ ಊರಿನದಿದ್ದರೂ ಬೆರಳಚ್ಚು ಕೊಟ್ಟು ಬೇರೆ ಊರಿನ ಅಂಗಡಿಯಲ್ಲಿ ಧಾನ್ಯ ಪಡೆಯುವ ಏರ್ಪಾಡು 2020ರಿಂದ ಇದೆ. ಇದನ್ನು ನೆರೆಯವರಿಗೂ ತಿಳಿಸಿರಿ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯಗಳು ಕೂಡಿಯೇ ಏರಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದವು. 2021ರಲ್ಲಿಯೂ 2024ರಲ್ಲಿಯೂ ಮತ್ತೆ ಬಂದವು. ಬಾಡಿಗೆ ಅಗ್ಗವಾಗಿರುವದೂ ಅದೇ ತಗ್ಗಿನಲ್ಲಿ. ಆ ವರ್ಷ ಸರಕಾರ ತುರ್ತಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಗೋಡೆ ಮಾಲಕನದು, ಆ ಐದು ಲಕ್ಷ ಅವನಿಗೆ, ಇದರಲ್ಲಿ ತಕರಾರಿಲ್ಲ. ಆ ಗೋಡೆಯೊಳಗೆ ತೊಯ್ದ ಹಾಸಿಗೆ, ಹೊಲಿಗೆ ಯಂತ್ರ, ಹುಡುಗರ ಪುಸ್ತಕ ಯಾರವು? ಬಾಡಿಗೆಯ ಕಾಗದವಿಲ್ಲದವನು ತಾನು ಇದ್ದದ್ದನ್ನು ಹೇಗೆ ಸಿದ್ಧಮಾಡಬೇಕು?

ಚಿಕ್ಕ ವ್ಯಾಪಾರಸ್ಥರೂ ಇದನ್ನು ಪರರ ಗೋಳೆಂದು ತಿಳಿಯಬಾರದು. ನಿಮ್ಮ ಗಲ್ಲೆಗೆ ಬೀಳುವ ದಿನದ ಚಿಲ್ಲರೆ ಈ ಖೋಲಿಯವರದೇ. ಹೊಸಬನೆಂದು ಅವನಿಗೆ ಉದ್ದರಿ ಕೊಡಲು ಹಿಂಜರಿಯುತ್ತೀರಿ, ಅದು ಸಹಜ. ಆದರೆ ನಿಮ್ಮಲ್ಲಿ ಎಷ್ಟೋ ಜನ ಬಾಡಿಗೆ ಮಳಿಗೆಯಲ್ಲಿ ಕೂತವರು. ಸಗಟು ಸಾಹುಕಾರನ ಎದುರು ನೀವೂ ಒಂದು ದಿನ ಹೊಸಬರೇ ಆಗಿದ್ದಿರಿ.

ಇನ್ನು ಅರಭಾವಿ, ಕಲ್ಲೋಳಿ, ನಾಗನೂರಗಳಲ್ಲಿ ಜನ ಪೇಟೆಗೆ ಹೋಗಲಿಲ್ಲ, ಪೇಟೆಯೇ ಅವರ ಮೇಲೆ ಬಂತು. ಪಂಚಾಯತಿ ಹೋಗಿ ಪಟ್ಟಣ ಪಂಚಾಯತಿ ಎಂಬ ಫಲಕ ಬಂತು. ಫಲಕ ಬದಲಾಯಿಸಲು ಒಂದು ದಿನ ಸಾಕು, ಗಟಾರ ಕಟ್ಟಲು ಸಾಲದು.

ನಮ್ಮ ಬೇಡಿಕೆ ದೊಡ್ಡದಲ್ಲ. ಮನೆಪಟ್ಟಿಗಾಗಿ ಓಣಿ ತಿರುಗುವ ಸಿಬ್ಬಂದಿಯು ಅದೇ ಸುತ್ತಿನಲ್ಲಿ ಖೋಲಿಗಳನ್ನೂ ಎಣಿಸಲಿ. ಯಾವ ಖೋಲಿಯಲ್ಲಿ ಯಾವ ಕುಟುಂಬ, ನೀರು ಎಲ್ಲಿಂದ, ಮೀಟರು ಯಾರದು ಎಂದು ಬರೆದುಕೊಳ್ಳಲಿ. ಬರೆದದ್ದರ ಒಂದು ಪ್ರತಿಯನ್ನು ಮುದ್ರೆ ಒತ್ತಿ ಬಾಡಿಗೆದಾರನ ಕೈಗೆ ಕೊಡಲಿ. ಗೋಕಾಕ ನಗರಸಭೆ, ಮೂಡಲಗಿ ಮತ್ತು ಹುಕ್ಕೇರಿ ಪುರಸಭೆಗಳು ಈ ಕೆಲಸವನ್ನು ಮಳೆಗಾಲಕ್ಕೆ ಮುನ್ನ, ನದಿದಂಡೆಯ ಓಣಿಗಳಿಂದಲೇ ಆರಂಭಿಸಬೇಕು.