ಆಸ್ಪತ್ರೆಯ ಬಿಲ್ಲು ಯಾರು ಕಟ್ಟಬೇಕು?



ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಅಮೇರಿಕದಲ್ಲಿದ್ದಾರೆ. ಕೆಲವರು ನರ್ಸ್‌ಗಳು, ಕೆಲವರು ಕಂಪ್ಯೂಟರ್ ಕೆಲಸದವರು. ಅವರು ರಜೆಗೆ ಬಂದಾಗ ಒಂದು ವಿಷಯ ನೀವು ಗಮನಿಸಿರಬಹುದು. ಹಲ್ಲಿನ ಚಿಕಿತ್ಸೆ, ಕಣ್ಣಿನ ಪರೀಕ್ಷೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವನ್ನೂ ಮಂಗಳೂರಿನಲ್ಲಿಯೇ ಮುಗಿಸಿಕೊಂಡು ಹಿಂತಿರುಗುತ್ತಾರೆ. ಕೇಳಿದರೆ, "ಅಲ್ಲಿನ ಬಿಲ್ಲು ಕಟ್ಟಿ ಪೂರೈಸುವುದಿಲ್ಲ" ಎನ್ನುತ್ತಾರೆ. ಅಷ್ಟು ದೊಡ್ಡ ಆಸ್ಪತ್ರೆಗಳಿರುವ ಶ್ರೀಮಂತ ದೇಶದಲ್ಲಿ ಹೀಗೇಕೆ? ರೋಗಿಯ ಖರ್ಚಿನಲ್ಲಿ ಸರಕಾರದ ಪಾಲು ಎಷ್ಟಿರಬೇಕು ಎಂಬ ಬಗ್ಗೆ ಆ ದೇಶದ ಜನ ಎಂಬತ್ತು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆ. ಈ ತಿಂಗಳು ಆ ವಾದವನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ.

ಅಲ್ಲಿ ಹದಿನೈದು ಕೋಟಿಗೂ ಹೆಚ್ಚು ಜನರಿಗೆ ಆರೋಗ್ಯ ವಿಮೆ ಸಿಗುವುದು ನೌಕರಿಯ ಮೂಲಕ. ಇದನ್ನು ಯಾರೂ ಕುಳಿತು ಯೋಚಿಸಿ ಮಾಡಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬೆಲೆಯೇರಿಕೆ ತಡೆಯಲು ಸರಕಾರ ಸಂಬಳಕ್ಕೆ ಮಿತಿ ಹಾಕಿತು. ಕೆಲಸಗಾರರನ್ನು ಸೆಳೆಯಲು ಸಂಬಳ ಏರಿಸುವಂತಿರಲಿಲ್ಲ. ಆದ್ದರಿಂದ ಕಂಪೆನಿಗಳು ವಿಮೆ ಕೊಡತೊಡಗಿದವು. ಕಂಪೆನಿ ಕಟ್ಟುವ ವಿಮೆಯ ಹಣಕ್ಕೆ ತೆರಿಗೆಯಿಲ್ಲ ಎಂದು 1954ರ ಕಾನೂನು ಖಚಿತಪಡಿಸಿತು. ಹೀಗೆ ಯುದ್ಧಕಾಲದ ಒಂದು ಏರ್ಪಾಡು ದೇಶದ ಪದ್ಧತಿಯಾಯಿತು. "ನಮ್ಮ ವಿಮೆ ಖಾಸಗಿ, ಇದರಲ್ಲಿ ಸರಕಾರದ ಕೈಯಿಲ್ಲ" ಎಂದು ಹಲವರು ಹೇಳುತ್ತಾರೆ. ಆದರೆ ತೆರಿಗೆ ಬಿಟ್ಟುಕೊಡುವ ಮೂಲಕ ಸರಕಾರ ಅಂದಿನಿಂದಲೂ ಅದರಲ್ಲಿ ಪಾಲುದಾರ.

ಈ ಪದ್ಧತಿಯ ದೊಡ್ಡ ತೊಂದರೆ ಏನೆಂದು ಯಾವ ಗೃಹಿಣಿಯೂ ಹೇಳಬಲ್ಲಳು. ಕಾಯಿಲೆ ಜೋರಾದಾಗ ಮನುಷ್ಯ ಕೆಲಸಕ್ಕೆ ಹೋಗಲಾರ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ವಿಮೆ ಅತಿ ಅಗತ್ಯವಾದ ದಿನವೇ ಅದು ಕೈತಪ್ಪುತ್ತದೆ.

1945ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಎಲ್ಲರಿಗೂ ರಾಷ್ಟ್ರೀಯ ವಿಮೆ ಬೇಕೆಂದು ಸಂಸತ್ತಿನ ಮುಂದಿಟ್ಟರು. ವೈದ್ಯರ ಸಂಘವೇ ಅದನ್ನು ಸಮಾಜವಾದಿ ವೈದ್ಯಕೀಯವೆಂದು ಕರೆದು ವಿರೋಧಿಸಿತು. ಯೋಜನೆ ಬಿದ್ದುಹೋಯಿತು. ಇಪ್ಪತ್ತು ವರ್ಷಗಳ ನಂತರ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಎರಡು ಯೋಜನೆಗಳಿಗೆ ಸಹಿ ಹಾಕಿದರು. 65 ವರ್ಷ ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಸಹಿ ಹಾಕಲು ಜಾನ್ಸನ್ ಟ್ರೂಮನ್‌ರ ಊರಿಗೇ ಹೋದರು. ಮೆಡಿಕೇರ್‌ನ ಮೊದಲ ಕಾರ್ಡು ಸಿಕ್ಕಿದ್ದು ವೃದ್ಧ ಟ್ರೂಮನ್‌ರಿಗೆ. ಅಂದು ಅಷ್ಟು ವಿರೋಧ ಕಂಡ ಮೆಡಿಕೇರನ್ನು ಮುಚ್ಚುತ್ತೇವೆಂದು ಹೇಳುವ ಧೈರ್ಯ ಇಂದು ಯಾವ ಪಕ್ಷಕ್ಕೂ ಇಲ್ಲ.

ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು ಹಣವಿಲ್ಲವೆಂದು ಹಿಂದೆ ಕಳುಹಿಸಬಾರದೆಂಬ ಕಾನೂನು 1986ರಲ್ಲಿ ಬಂತು. ಒಳ್ಳೆಯ ಕಾನೂನು. ಆದರೆ ಚಿಕಿತ್ಸೆ ಕೊಡಬೇಕೆಂದಿತೇ ಹೊರತು ಬಿಲ್ಲು ಬೇಡವೆನ್ನಲಿಲ್ಲ. ಬಿಲ್ಲು ಆಮೇಲೆ ಮನೆಗೆ ಬರುತ್ತದೆ.

2010ರ ಹೊತ್ತಿಗೆ ಯಾವ ವಿಮೆಯೂ ಇಲ್ಲದವರು ನಾಲ್ಕೂವರೆ ಕೋಟಿಗಿಂತ ಹೆಚ್ಚಿದ್ದರು. ಆ ವರ್ಷ ಮಾರ್ಚ್ 23ರಂದು ಬರಾಕ್ ಒಬಾಮ ಸಹಿ ಹಾಕಿದ ಕಾನೂನನ್ನು ಜನ 'ಒಬಾಮಕೇರ್' ಎನ್ನುತ್ತಾರೆ. ಮೊದಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯೆಂದು ವಿಮಾ ಕಂಪೆನಿ ಯಾರನ್ನೂ ತಿರಸ್ಕರಿಸುವಂತಿಲ್ಲ. 26 ವರ್ಷದವರೆಗೆ ಮಕ್ಕಳು ತಂದೆತಾಯಿಯ ವಿಮೆಯಲ್ಲಿಯೇ ಇರಬಹುದು. ಆದಾಯ ಕಡಿಮೆಯಿದ್ದವರಿಗೆ ಸಬ್ಸಿಡಿ. ವಿಮೆ ಕೊಳ್ಳದವರಿಗೆ ದಂಡ. 2023ರ ವೇಳೆಗೆ ವಿಮೆಯಿಲ್ಲದವರ ಸಂಖ್ಯೆ ಸುಮಾರು 2.6 ಕೋಟಿಗೆ ಇಳಿಯಿತು.

ದಂಡ ಯಾಕೆ ಎಂದು ಕೇಳಬಹುದು. ಊರಿನ ಚೀಟಿಯನ್ನು ನೆನಪಿಸಿಕೊಳ್ಳಿ. ಹಣ ಎತ್ತುವವರು ಮಾತ್ರ ಸೇರಿ, ಕಟ್ಟುವವರು ಸೇರದಿದ್ದರೆ ಚೀಟಿ ನಡೆದೀತೇ? ಆರೋಗ್ಯವಂತರು ಹೊರಗಿದ್ದು ರೋಗಿಗಳು ಮಾತ್ರ ಸೇರಿದರೆ ವಿಮೆಯ ಕಂತು ಏರುತ್ತಲೇ ಹೋಗುತ್ತದೆ. ಸರಕಾರ ಬೇಕು ಎನ್ನುವವರ ಮುಖ್ಯ ವಾದವಿದು. ಆಂಬುಲೆನ್ಸಿನಲ್ಲಿ ಮಲಗಿರುವವನು ನಾಲ್ಕು ಕಡೆ ದರ ವಿಚಾರಿಸಿ ಅಗ್ಗದ ಆಸ್ಪತ್ರೆಗೆ ಹೋಗಲಾರ ಎಂಬುದು ಅವರ ಇನ್ನೊಂದು ಮಾತು.

ವಿರೋಧಿಸುವವರನ್ನು ಕಲ್ಲುಹೃದಯದವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಬ್ಬ ಪ್ರಜೆ ಒಂದು ವಸ್ತುವನ್ನು ಕೊಳ್ಳಲೇಬೇಕೆಂದು ಒತ್ತಾಯಿಸಲು ಸರಕಾರಕ್ಕೆ ಅಧಿಕಾರವೆಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ. ಸಬ್ಸಿಡಿಗೆ ಅರ್ಹರಲ್ಲದ ಮಧ್ಯಮ ವರ್ಗದವರಿಗೆ ಕಂತು ಏರಿತು. ಈಗಿರುವ ವಿಮೆ ಹಾಗೆಯೇ ಉಳಿಯುತ್ತದೆಂದು ಮಾತು ಕೊಟ್ಟಿದ್ದರೂ 2013ರಲ್ಲಿ ಲಕ್ಷಾಂತರ ಜನರಿಗೆ ವಿಮೆ ರದ್ದಾದ ಪತ್ರ ಬಂತು. 2012ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಉಳಿಸಿತಾದರೂ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಟೆಕ್ಸಾಸ್, ಫ್ಲೋರಿಡಾ ಸೇರಿ ಹತ್ತು ರಾಜ್ಯಗಳು 2025ರ ಕೊನೆಯವರೆಗೂ ಅದಕ್ಕೆ ಒಪ್ಪಿರಲಿಲ್ಲ. 2017ರಲ್ಲಿ ಕಾನೂನನ್ನೇ ಕಿತ್ತುಹಾಕುವ ಪ್ರಯತ್ನ ನಡೆದಾಗ ಸೆನೆಟರ್ ಜಾನ್ ಮೆಕೇನ್ ಸ್ವಂತ ಪಕ್ಷದ ವಿರುದ್ಧ ಮತ ಹಾಕಿದರು. ಆಗ ಅವರಿಗೆ ಮೆದುಳಿನ ಕ್ಯಾನ್ಸರ್ ಇತ್ತು. ದಂಡ ಮಾತ್ರ 2019ರಿಂದ ಸೊನ್ನೆಗೆ ಇಳಿಯಿತು.

ಈ ವಾದದಲ್ಲಿ ಕಥೋಲಿಕರೂ ಒಂದೇ ಕಡೆ ಇರಲಿಲ್ಲ. ಅಲ್ಲಿನ ಆಸ್ಪತ್ರೆಗಳಿಗೆ ಹೋಗುವ ಏಳು ರೋಗಿಗಳಲ್ಲಿ ಒಬ್ಬರಿಗೆ ಚಿಕಿತ್ಸೆ ಸಿಗುವುದು ಕಥೋಲಿಕ ಆಸ್ಪತ್ರೆಯಲ್ಲಿ ಎಂದು ಅಲ್ಲಿನ ಕಥೋಲಿಕ ಆರೋಗ್ಯ ಸಂಘ ಹೇಳುತ್ತದೆ. ವೈದ್ಯಕೀಯ ಆರೈಕೆ ಮನುಷ್ಯನ ಹಕ್ಕುಗಳಲ್ಲೊಂದು ಎಂದು ಪೋಪ್ 23ನೇ ಜಾನ್ 1963ರಲ್ಲಿಯೇ ಬರೆದಿದ್ದರು. ಸಣ್ಣ ಸಮುದಾಯ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರ ಕಸಿದುಕೊಳ್ಳಬಾರದೆಂದು ಪೋಪ್ 11ನೇ ಪಿಯುಸ್ 1931ರಲ್ಲಿ ಕಲಿಸಿದ್ದರು. ಎರಡೂ ಧರ್ಮಸಭೆಯ ಬೋಧನೆಯೇ. 2010ರಲ್ಲಿ ಧರ್ಮಾಧ್ಯಕ್ಷರು, ಎಲ್ಲರಿಗೂ ಆರೈಕೆ ಬೇಕೆನ್ನುತ್ತಲೇ, ಗರ್ಭಪಾತಕ್ಕೆ ಸರಕಾರಿ ಹಣ ಹೋದೀತೆಂದು ಮಸೂದೆಯನ್ನು ವಿರೋಧಿಸಿದರು. ಆರೋಗ್ಯ ಸಂಘದ ಮುಖ್ಯಸ್ಥೆ ಧರ್ಮಭಗಿನಿ ಕ್ಯಾರಲ್ ಕೀಹನ್ ಅದೇ ಮಸೂದೆಯನ್ನು ಬೆಂಬಲಿಸಿದರು. ನೌಕರರ ವಿಮೆಯಲ್ಲಿ ಗರ್ಭನಿರೋಧಕಗಳೂ ಇರಬೇಕೆಂಬ ನಿಯಮದ ವಿರುದ್ಧ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂವರ್ ಭಗಿನಿಯರು ಕೋರ್ಟಿಗೆ ಹೋದರು. ಬೆಂಗಳೂರಿನಲ್ಲಿಯೂ ವೃದ್ಧರ ಸೇವೆ ಮಾಡುವ ಸಭೆ ಅದು. 2020ರಲ್ಲಿ ಸುಪ್ರೀಂ ಕೋರ್ಟು ಅವರಿಗೆ ಕೊಟ್ಟ ವಿನಾಯಿತಿಯನ್ನು ಎತ್ತಿಹಿಡಿಯಿತು. 2025ರ ಜುಲೈಯಲ್ಲಿ ಮೆಡಿಕೇಡ್ ಹಣ ಕಡಿತಗೊಳಿಸುವ ಕಾನೂನು ಬಂದಾಗ ಧರ್ಮಾಧ್ಯಕ್ಷರ ಮಂಡಳಿ ಅದನ್ನೂ ಕಟುವಾಗಿ ಟೀಕಿಸಿತು. ಹೀಗಾಗಿ ಅವರನ್ನು ಈ ಪಕ್ಷದವರು, ಆ ಪಕ್ಷದವರು ಎನ್ನುವಂತಿಲ್ಲ.

ಅದೇ ವರ್ಷ ಅಕ್ಟೋಬರ್ 1ರಿಂದ ಅಮೇರಿಕದ ಕೇಂದ್ರ ಸರಕಾರದ ಹಲವು ಕಚೇರಿಗಳು 43 ದಿನ ಮುಚ್ಚಿದ್ದವು. ಮುಖ್ಯ ಜಗಳ ವಿಮೆಯ ಹೆಚ್ಚುವರಿ ಸಬ್ಸಿಡಿಯನ್ನು ಮುಂದುವರಿಸಬೇಕೇ ಬೇಡವೇ ಎಂಬುದು. ಒಪ್ಪಂದವಾಗದೆಯೇ ಕಚೇರಿಗಳು ಮತ್ತೆ ತೆರೆದವು.

ನನಗೆ ಕಾಣುವುದಿಷ್ಟು. ಸರಕಾರ ಇರಬೇಕೇ ಬೇಡವೇ ಎಂಬುದು ನಿಜವಾದ ಪ್ರಶ್ನೆಯಲ್ಲ. ಅದು ಮೊದಲಿನಿಂದಲೂ ಇದೆ. ಕಾಯಿಲೆ ಬಿದ್ದು ಕೆಲಸವನ್ನೂ ಕಳೆದುಕೊಂಡ ಮನುಷ್ಯನನ್ನು ಹಿಡಿದುಕೊಳ್ಳುವವರು ಯಾರು ಎಂಬುದೇ ಪ್ರಶ್ನೆ. ಸರಕಾರ ದೂರವಿರಲಿ ಎನ್ನುವವರು, ಹಾಗಾದರೆ ಅವನ ಬಿಲ್ಲು ಯಾರು ಕಟ್ಟುತ್ತಾರೆಂದು ಹೇಳಬೇಕು. ದಾನಧರ್ಮವೊಂದೇ ಸಾಕೆಂದರೆ, ಕ್ಯಾನ್ಸರ್ ಚಿಕಿತ್ಸೆಯ ಒಂದು ವರ್ಷದ ಲೆಕ್ಕ ನೋಡಿ ಹೇಳಲಿ. ಸರಕಾರವೇ ನೋಡಲಿ ಎನ್ನುವವರು, ಹಣ ಯಾರ ಜೇಬಿನಿಂದ, ಭಗಿನಿಯರ ಆತ್ಮಸಾಕ್ಷಿಗೆ ಎಲ್ಲಿ ಜಾಗ ಎಂದು ಹೇಳಬೇಕು. ಶುಭಸಂದೇಶದ ಸಮಾರಿಯದವನು ಗಾಯಕ್ಕೆ ಎಣ್ಣೆ ಹಚ್ಚಿದ್ದು ನಮಗೆಲ್ಲ ನೆನಪಿದೆ. ಅವನು ಸತ್ರದ ಯಜಮಾನನಿಗೆ ಎರಡು ನಾಣ್ಯ ಕೊಟ್ಟು, ಉಳಿದದ್ದನ್ನೂ ತಾನೇ ಕೊಡುವೆನೆಂದು ಹೇಳಿಹೋದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಕರುಣೆಗೂ ಖರ್ಚಿದೆ.

ಮಕ್ಕಳು ಅಲ್ಲಿರುವ ತಂದೆತಾಯಂದಿರಿಗೆ ಒಂದೆರಡು ಮಾತು. ಅವರು ಕೆಲಸ ಬದಲಾಯಿಸಿದೆವು ಎಂದಾಗ ಸಂಬಳವೊಂದನ್ನೇ ಕೇಳಬೇಡಿ, ವಿಮೆ ಎಂದಿನಿಂದ ಶುರು ಎಂದೂ ಕೇಳಿ. ಕೆಲಸ ಬಿಟ್ಟವರು 20 ಅಥವಾ ಹೆಚ್ಚು ನೌಕರರಿರುವ ಕಂಪೆನಿಯ ವಿಮೆಯನ್ನು ಕೋಬ್ರಾ ಎಂಬ ಕಾನೂನಿನಡಿ ಸಾಮಾನ್ಯವಾಗಿ 18 ತಿಂಗಳು ಉಳಿಸಿಕೊಳ್ಳಬಹುದು. ಆದರೆ ಕಂಪೆನಿಯ ಪಾಲನ್ನೂ ತಾವೇ ಕಟ್ಟಬೇಕು. ಮೊಮ್ಮಕ್ಕಳನ್ನು ನೋಡಲು ನೀವೇ ಹೋಗುವುದಾದರೆ, ಪ್ರವಾಸಿ ವೀಸಾದವರಿಗೆ ಮೆಡಿಕೇರ್ ಇಲ್ಲ. ಟಿಕೇಟಿನ ಜೊತೆಗೆ ಪ್ರವಾಸದ ಆರೋಗ್ಯ ವಿಮೆಯನ್ನೂ ಮಾಡಿಸಿಕೊಂಡೇ ವಿಮಾನ ಹತ್ತಿ.